ಬಯಾಸ್‌ಗೆ ಹೊಸ ಡಿಸ್ಕ್ ಕಾಣುತ್ತಿದೆ, ವಿಂಡೋಸ್ ಇನ್‌ಸ್ಟಾಲರ್‌ಗೆ ಮಾತ್ರ ಕಾಣುತ್ತಿಲ್ಲ. ಏನು ಮಾಡಲಿ?

ಬೆಳ್ಳಿಚುಕ್ಕಿ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಇದು ನಮ್ಮ ಅಕ್ಕನ ಲ್ಯಾಪ್‌ಟಾಪ್. 11ನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್. ಒಳಗೆ 256 ಜಿಬಿಯ ಎಂ.2 ಎಸ್‌ಎಸ್‌ಡಿ ಇತ್ತು, ಅದು ಪೂರ್ತಿ ತುಂಬಿಹೋಗಿತ್ತು. ಹಾಗಾಗಿ 1 ಟಿಬಿಯ ಹೊಸ ಎನ್‌ವಿಎಂಇ (ಎಂ.2 ಸ್ಲಾಟಿಗೇ ಹಾಕುವ ವೇಗದ ಬಗೆ) ಎಸ್‌ಎಸ್‌ಡಿ ತಂದು ಹಾಕಿದೆ. ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದೇ ಸ್ಲಾಟ್. ಆದ್ದರಿಂದ ಹಳೆಯದನ್ನು ತೆಗೆದೇ ಹೊಸದನ್ನು ಹಾಕಬೇಕು.

ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 11 ಮಾಡಿಕೊಂಡು ಬೂಟ್ ಮಾಡಿದೆ. ಭಾಷೆ, ಕೀಬೋರ್ಡ್ ಎಲ್ಲ ಸರಿಯಾಗಿ ಬಂತು. ಎಲ್ಲಿಗೆ ಇನ್‌ಸ್ಟಾಲ್ ಮಾಡಬೇಕು ಅಂತ ಕೇಳುವ ಪರದೆಗೆ ಬಂದಾಗ ಪಟ್ಟಿ ಖಾಲಿ. ಯಾವ ಡ್ರೈವೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಬೇಕಿದ್ದರೆ ‘ಲೋಡ್ ಡ್ರೈವರ್’ ಒತ್ತಿ ಅಂತ ಕೆಳಗೆ ಇಂಗ್ಲಿಷ್‌ನಲ್ಲಿ ಒಂದು ಸಾಲು. ರಿಫ್ರೆಶ್ ಒತ್ತಿದರೂ ಅಷ್ಟೇ.

ಡಿಸ್ಕ್ ಸರಿಯಾಗಿ ಕೂತಿಲ್ಲವೇನೋ ಅಂತ ನಾಲ್ಕು ಸಲ ಬಿಚ್ಚಿ ಹಾಕಿದೆ. ಬೇರೆ ಪೆನ್‌ಡ್ರೈವ್ ಮಾಡಿ ನೋಡಿದೆ. ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ ನೋಡಿದೆ. ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಹೋದರೆ ಅಲ್ಲಿ ಹೊಸ ಡಿಸ್ಕಿನ ಹೆಸರು, ಮಾಡೆಲ್ ನಂಬರ್ ಎರಡೂ ಕಾಣುತ್ತಿವೆ. ಹಳೆ ಡಿಸ್ಕ್ ವಾಪಸ್ ಹಾಕಿದರೆ ವಿಂಡೋಸ್ ಏನೂ ಆಗಿಲ್ಲ ಅನ್ನುವ ಹಾಗೆ ಶುರುವಾಗುತ್ತದೆ. ಅಂದರೆ ಸ್ಲಾಟ್ ಸರಿಯಿದೆ, ಹೊಸ ಡಿಸ್ಕೇ ಕೆಟ್ಟಿದೆ ಅಂತ ತಾನೇ ಅರ್ಥ? ವಾಪಸ್ ಕೊಟ್ಟುಬಿಡಲಾ?

ಅಕ್ಕನ ಪಿಎಚ್‌ಡಿ ಪ್ರಬಂಧ ಪೂರ್ತಿ ಹಳೆ ಡಿಸ್ಕಿನಲ್ಲೇ ಇದೆ. ಅದಕ್ಕೇ ಕೈ ನಡುಗುತ್ತಿದೆ.

ಸೀದಾಮಾತು

ಡಿಸ್ಕ್ ಕೆಟ್ಟಿಲ್ಲ, ವಾಪಸ್ ಕೊಡಬೇಡಿ. ಬಯಾಸ್‌ನಲ್ಲಿ ವಿಎಂಡಿ ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಡಿಸೇಬಲ್ ಮಾಡಿ, ಸೇವ್ ಮಾಡಿ, ಮತ್ತೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಡಿಸ್ಕ್ ಕಾಣುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲೂ ಹೀಗೇ ಆಗಿತ್ತು, ಎರಡು ನಿಮಿಷದ ಕೆಲಸ.

ತಿರುಪುಳಿ

ಬೆಳ್ಳಿಚುಕ್ಕಿ ಅವರೇ, ಸ್ವಲ್ಪ ನಿಲ್ಲಿ. ಸೀದಾಮಾತು ಅವರು ಹೇಳಿದ್ದು ತಪ್ಪಲ್ಲ. ಆದರೆ ನಿಮ್ಮ ವಿಷಯದಲ್ಲಿ ನಾನು ಬೇರೆ ದಾರಿ ಹಿಡಿಯುತ್ತೇನೆ. ಯಾಕೆ ಅಂತ ಹೇಳುತ್ತೇನೆ, ಓದಲು ಐದು ನಿಮಿಷ ಹೋದರೂ ಪರವಾಗಿಲ್ಲ.

ನಾನು ವಿಂಡೋಸ್ ಎಕ್ಸ್‌ಪಿ ಕಾಲದಿಂದ ಈ ಕೆಲಸ ಮಾಡುತ್ತಿದ್ದೇನೆ. ‘ಡಿಸ್ಕ್ ಕಾಣುತ್ತಿಲ್ಲ’ ಅಂತ ಯಾರು ಹೇಳಿದರೂ ನಾನು ಮೊದಲು ಕೇಳುವುದು, ಯಾರಿಗೆ ಕಾಣುತ್ತಿಲ್ಲ ಅಂತ. ಬಯಾಸ್‌ಗೇ ಕಾಣದಿದ್ದರೆ ಕೇಬಲ್, ಸ್ಲಾಟ್, ಕರೆಂಟು, ಇಲ್ಲವೇ ಡಿಸ್ಕು. ಬಯಾಸ್‌ಗೆ ಕಂಡು ಇನ್‌ಸ್ಟಾಲರ್‌ಗೆ ಕಾಣದಿದ್ದರೆ ಹೆಚ್ಚಾಗಿ ಡ್ರೈವರ್, ಅಂದರೆ ಆ ಸಾಧನದ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಪುಟ್ಟ ಸಾಫ್ಟ್‌ವೇರ್. ಇನ್‌ಸ್ಟಾಲರ್‌ಗೂ ಕಂಡು, ಇಲ್ಲಿ ಇನ್‌ಸ್ಟಾಲ್ ಆಗಲ್ಲ ಅಂದರೆ ಪಾರ್ಟಿಷನ್ ಟೇಬಲ್ (ಡಿಸ್ಕಿನ ಯಾವ ಭಾಗ ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿ). ನಿಮ್ಮದು ನಡುವಿನದು. ಹಾಗಿದ್ದ ಮೇಲೆ ಇನ್ನು ತಿರುಪು ಬಿಚ್ಚುವ ಅಗತ್ಯವೇ ಇಲ್ಲ. ಎಂ.2 ಸ್ಲಾಟಿನ ಆ ಪುಟ್ಟ ತಿರುಪಿನ ತಲೆ ಬೇಗ ಸವೆದುಹೋಗುತ್ತದೆ. ನಾಲ್ಕು ಸಲ ಬಿಚ್ಚಿದ್ದೇ ಜಾಸ್ತಿ.

ಈಗ ನಿಮ್ಮ ತರ್ಕಕ್ಕೆ ಬರೋಣ. ಹಳೆ ಡಿಸ್ಕ್ ಹಾಕಿದರೆ ವಿಂಡೋಸ್ ಶುರುವಾಗುತ್ತದೆ, ಹಾಗಾಗಿ ಹೊಸದೇ ಕೆಟ್ಟಿದೆ ಅಂದಿರಿ. ಎಲ್ಲರಿಗೂ ಹಾಗೇ ಅನಿಸುತ್ತದೆ. ಆದರೆ ನೀವು ಹೋಲಿಸುತ್ತಿರುವುದು ಎರಡು ಡಿಸ್ಕುಗಳನ್ನಲ್ಲ, ಎರಡು ವಿಂಡೋಸ್‌ಗಳನ್ನು. ಹಳೆ ಡಿಸ್ಕಿನ ವಿಂಡೋಸ್‌ನಲ್ಲಿ ಬೇಕಾದ ಸ್ಟೋರೇಜ್ ಡ್ರೈವರನ್ನು ಲ್ಯಾಪ್‌ಟಾಪ್ ಮಾಡಿದವರೇ ಹಾಕಿ ಕಳಿಸಿರುತ್ತಾರೆ. ನಿಮ್ಮ ಪೆನ್‌ಡ್ರೈವ್‌ನಲ್ಲಿರುವ ವಿಂಡೋಸ್‌ನಲ್ಲಿ ಆ ಡ್ರೈವರ್ ಇಲ್ಲ.

ನಂಬಿಕೆ ಬರಬೇಕಾದರೆ ಹೀಗೆ ಮಾಡಿ. ಹೇಗಿದ್ದರೂ ಹಳೆ ಡಿಸ್ಕ್ ಇನ್ನೊಂದು ಸಲ ಹಾಕಲೇಬೇಕಾಗುತ್ತದೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದನ್ನು ಹಾಕಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅದೇ ಪರದೆಯವರೆಗೆ ಹೋಗಿ. ಏನನ್ನೂ ಒತ್ತಬೇಡಿ, ಸುಮ್ನೆ ಪಟ್ಟಿ ನೋಡಿ. ಹಳೆ ಡಿಸ್ಕೂ ಅಲ್ಲಿ ಕಾಣದಿದ್ದರೆ, ಹೊಸ ಡಿಸ್ಕಿನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ನೋಡಿಬಂದು ಹೇಳಿ, ಮುಂದಿನದ್ದು ಬರೆಯುತ್ತೇನೆ.

ಪೆಂಗ್ವಿನ್‌ಮರಿ

ಇನ್ನೊಂದು ಸುಲಭದ ಪರೀಕ್ಷೆ ಇದೆ. ಯಾವುದಾದರೂ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಬಳಸಿ. ಟರ್ಮಿನಲ್ ತೆರೆದು ‘ಎಲ್‌ಎಸ್‌ಬಿಎಲ್‌ಕೆ’ ಅಂತ ಹೊಡೆಯಿರಿ. ವಿಎಂಡಿ ಡ್ರೈವರ್ ಲಿನಕ್ಸ್ ಕರ್ನಲ್ ಜೊತೆಗೇ ಬರುತ್ತದೆ. 2016ರಿಂದಲೇ ಅದು ಕರ್ನಲ್‌ನಲ್ಲಿದೆ, ಆದರೆ ನಿಮ್ಮ ಪ್ರೊಸೆಸರ್‌ಗೆ ಸ್ವಲ್ಪ ಈಚಿನ ಆವೃತ್ತಿ ಬೇಕು. ‘ಎನ್‌ವಿಎಂಇ0ಎನ್1’ ಅನ್ನುವ ಹೆಸರಿನ ಮುಂದೆ 931.5ಜಿ ಅಂತ ಬಂದರೆ ಡಿಸ್ಕ್ ಗಟ್ಟಿಯಾಗಿದೆ. ಲ್ಯಾಪ್‌ಟಾಪ್ ಬಿಚ್ಚಲೇಬೇಕಿಲ್ಲ.

ಬೆಳ್ಳಿಚುಕ್ಕಿ

ತಿರುಪುಳಿ ಅವರೇ, ನೀವು ಹೇಳಿದ ಹಾಗೇ ಆಯಿತು! ಹಳೆ ಡಿಸ್ಕ್ ಹಾಕಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಪಟ್ಟಿ ಖಾಲಿ. ಅರ್ಧ ಗಂಟೆ ಹಿಂದೆ ಇದೇ ಡಿಸ್ಕಿನಿಂದ ಅಕ್ಕ ಮೇಲ್ ನೋಡಿದ್ದಳು. ಎರಡು ದಿನದಿಂದ ಸುಮ್ನೆ ಹೊಸ ಡಿಸ್ಕನ್ನು ಬೈಯುತ್ತಿದ್ದೆ ಅನಿಸಿತು.

ಹಾಗಾದರೆ ಸೀದಾಮಾತು ಅವರು ಹೇಳಿದ ಹಾಗೆ ವಿಎಂಡಿ ಆಫ್ ಮಾಡಬಹುದಲ್ವಾ? ಮಾಡೋಣ ಅಂತ ಬಯಾಸ್‌ಗೆ ಹೋದರೆ ಆ ಆಯ್ಕೆಯೇ ಕಾಣಲಿಲ್ಲ. ಮತ್ತೆ ಈ ವಿಎಂಡಿ ಅಂದರೆ ಏನು?

ತಿರುಪುಳಿ

ಒಳ್ಳೆಯದಾಯಿತು. ಅನುಮಾನ ಹೋದರೆ ಅರ್ಧ ಕೆಲಸ ಆದ ಹಾಗೆ.

ವಿಎಂಡಿ ಅಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್. ಮೊದಲು ಇದು ಸರ್ವರ್ ಪ್ರೊಸೆಸರ್‌ಗಳಲ್ಲಿತ್ತು. ಲ್ಯಾಪ್‌ಟಾಪ್‌ಗಳಿಗೆ ಬಂದದ್ದು 11ನೇ ತಲೆಮಾರಿನಿಂದ. ಸಾಮಾನ್ಯವಾಗಿ ಎನ್‌ವಿಎಂಇ ಡಿಸ್ಕ್ ಒಂದು ಪಿಸಿಐ ಎಕ್ಸ್‌ಪ್ರೆಸ್ ಸಾಧನವಾಗಿ ನೇರವಾಗಿ ವಿಂಡೋಸ್ ಕಣ್ಣಿಗೆ ಬೀಳುತ್ತದೆ. ವಿಂಡೋಸ್ 8.1ರಿಂದ ಈಚೆಗೆ ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ. ವಿಎಂಡಿ ಆನ್ ಆಗಿದ್ದರೆ ಹಾಗಲ್ಲ. ಡಿಸ್ಕು ವಿಎಂಡಿಯ ಬೆನ್ನ ಹಿಂದೆ ಹೋಗಿ ಕೂರುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ವಿಎಂಡಿ ಕಂಟ್ರೋಲರ್ ಮಾತ್ರ. ಅದರ ಡ್ರೈವರ್ ಇದ್ದವರಿಗಷ್ಟೇ ಹಿಂದಿರುವ ಡಿಸ್ಕ್ ಕಾಣುತ್ತದೆ. ಎರಡು ಮೂರು ಡಿಸ್ಕುಗಳನ್ನು ರೇಡ್ ಮಾಡಿ, ಅಂದರೆ ಒಂದೇ ಡಿಸ್ಕಿನಂತೆ ಜೋಡಿಸುವವರಿಗೆ ಇದರಿಂದ ಉಪಯೋಗ ಇದೆ. ಒಂದೇ ಡಿಸ್ಕಿನ ಲ್ಯಾಪ್‌ಟಾಪ್‌ಗೆ ಅದರಿಂದ ದೊಡ್ಡ ಲಾಭ ಏನೂ ಇಲ್ಲ.

ಆಯ್ಕೆ ಕಾಣದಿರುವುದೂ ಹೊಸದಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮುಚ್ಚಿಟ್ಟಿರುತ್ತಾರೆ. ಬಯಾಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುವಂಥವು ಇವೆ. ಕೆಲವದರಲ್ಲಿ ಅಡ್ವಾನ್ಸ್ಡ್ ಪುಟಕ್ಕೆ ಹೋಗಬೇಕು. ಕೆಲವದರಲ್ಲಿ ಇರುವುದೇ ಇಲ್ಲ.

ಆದರೆ ನೀವು ಈಗ ಅದನ್ನು ಮುಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಾರಣ ಆ ಪ್ರಬಂಧ. ಹಳೆ ಡಿಸ್ಕಿನ ವಿಂಡೋಸ್ ವಿಎಂಡಿ ಆನ್ ಇರುವಾಗ ಇನ್‌ಸ್ಟಾಲ್ ಆದದ್ದು. ನಾಳೆ ಏನೋ ಬೇಕಾಯಿತು ಅಂತ ಆ ಡಿಸ್ಕ್ ವಾಪಸ್ ಹಾಕಿದಿರಿ, ವಿಎಂಡಿ ಆಫ್ ಆಗಿದೆ ಅಂತ ಇಟ್ಟುಕೊಳ್ಳಿ. ಬೂಟ್ ಆಗುವಾಗಲೇ ನೀಲಿ ಪರದೆ ಬರುತ್ತದೆ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ. ಡೇಟಾ ಹೋಗಿರುವುದಿಲ್ಲ, ವಿಎಂಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಆದರೆ ಆ ಹೊತ್ತಿಗೆ ಅದು ನೆನಪಾಗದೆ ಗಾಬರಿಯಲ್ಲಿ ಏನೇನೋ ಒತ್ತಿ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಪ್ರಬಂಧ ಎರಡು ಕಡೆ ಕಾಪಿ ಆಗುವವರೆಗೆ ಹಳೆ ಡಿಸ್ಕ್ ಹಾಕಿದ ಕೂಡಲೇ ಎಂದಿನಂತೆ ಶುರುವಾಗುವ ಸ್ಥಿತಿಯಲ್ಲೇ ಇರಲಿ.

ಇನ್ನೊಂದು ಕಾರಣ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರಬಹುದು. ನಮಗೆ ಗೊತ್ತೇ ಆಗಿರುವುದಿಲ್ಲ. ಬಯಾಸ್‌ನಲ್ಲಿ ಇಂಥದ್ದನ್ನು ಬದಲಾಯಿಸಿದಾಗ ಅಥವಾ ಡಿಸ್ಕನ್ನು ಬೇರೆ ಕಡೆ ಹಾಕಿದಾಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಈಗ ಹಳೆ ಡಿಸ್ಕ್ ಒಳಗೇ ಇದೆ ತಾನೇ? ವಿಂಡೋಸ್ ಶುರುಮಾಡಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ‘ಮ್ಯಾನೇಜ್-ಬಿಡಿಇ -ಸ್ಟೇಟಸ್’ ಅಂತ ಹೊಡೆಯಿರಿ. ಸಿ ಡ್ರೈವ್ ಎನ್‌ಕ್ರಿಪ್ಟ್ ಆಗಿದೆ ಅಂತ ಬಂದರೆ ಅಕ್ಕನ ಖಾತೆಗೆ ಹೋಗಿ ಆ ಕೀ ಬರೆದುಕೊಳ್ಳಿ. ಪ್ರಬಂಧವನ್ನು ಇವತ್ತೇ ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಮೊದಲು ಇದು. ಉಳಿದದ್ದೆಲ್ಲ ಇದಾದ ಮೇಲೆ.

ಈಗ ಡ್ರೈವರ್. ಎಲ್ಲರೂ ನೆಟ್‌ನಲ್ಲಿ ಹುಡುಕಲು ಹೊರಡುತ್ತಾರೆ. ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್‌ನಲ್ಲಿ ಹಲವು ಆವೃತ್ತಿಗಳಿವೆ. ಎಲ್ಲವೂ ಎಲ್ಲ ತಲೆಮಾರಿಗೂ ಆಗುವುದಿಲ್ಲ. ನಿಮಗೆ ಹುಡುಕುವ ತೊಂದರೆಯೇ ಬೇಡ. ಸರಿಯಾದ ಡ್ರೈವರ್ ನಿಮ್ಮ ಹಳೆ ವಿಂಡೋಸ್‌ನಲ್ಲೇ ಕೂತಿದೆ, ಅದನ್ನೇ ಹೊರಗೆ ತೆಗೆಯೋಣ. ಹಳೆ ಡಿಸ್ಕ್ ಮತ್ತೆ ಹಾಕಬೇಕಾಗುತ್ತದೆ ಅಂದದ್ದು ಇದಕ್ಕೇ.

ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಚುಚ್ಚಿ. ಅದರಲ್ಲಿ ‘ಡ್ರೈವರ್ಸ್’ ಅಂತ ಒಂದು ಫೋಲ್ಡರ್ ಮಾಡಿ, ಇಂಗ್ಲಿಷ್ ಅಕ್ಷರದಲ್ಲೇ. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಎನ್‌ಪಿಯುಟಿಲ್’ ಅಂತ ಬರೆದು, ಜಾಗ ಬಿಟ್ಟು ‘/ಎಕ್ಸ್‌ಪೋರ್ಟ್-ಡ್ರೈವರ್’, ಜಾಗ ಬಿಟ್ಟು ಒಂದು ನಕ್ಷತ್ರ ಗುರುತು, ಮತ್ತೆ ಜಾಗ ಬಿಟ್ಟು ಆ ಫೋಲ್ಡರಿನ ವಿಳಾಸ ಕೊಡಿ. ಎಂಟರ್ ಒತ್ತಿದರೆ ಆ ವಿಂಡೋಸ್‌ಗೆ ಸೇರಿಸಿರುವ ಹೊರಗಿನ ಡ್ರೈವರ್‌ಗಳೆಲ್ಲ ಒಂದೊಂದು ಫೋಲ್ಡರ್ ಆಗಿ ಬಂದು ಬೀಳುತ್ತವೆ. ಗ್ರಾಫಿಕ್ಸ್ ಡ್ರೈವರ್ ದೊಡ್ಡದಿರುತ್ತದೆ, ಪೆನ್‌ಡ್ರೈವ್‌ನಲ್ಲಿ ಸಾಕಷ್ಟು ಜಾಗ ಇರಲಿ. ನಮಗೆ ಬೇಕಾದದ್ದು ‘ಐಎಸ್‌ಟಿಒಆರ್‌ವಿಡಿ’ ಅನ್ನುವ ಅಕ್ಷರಗಳಿಂದ ಅಲ್ಲ, ‘ಐಎಎಸ್‌ಟಿಒಆರ್‌ವಿಡಿ’ ಅನ್ನುವ ಅಕ್ಷರಗಳಿಂದ ಶುರುವಾಗುವ ಫೋಲ್ಡರ್. ಆ ಎರಡನೇ ಅಕ್ಷರ ‘ಎ’ ಕಣ್ಣು ತಪ್ಪುವುದು ಸುಲಭ, ಅದಕ್ಕೇ ಬಿಡಿಸಿ ಬರೆದೆ. ವಿಎಂಡಿ ಡ್ರೈವರ್ ಅದೇ.

ಆಮೇಲೆ ಹೊಸ ಡಿಸ್ಕ್ ಹಾಕಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ‘ಲೋಡ್ ಡ್ರೈವರ್’ ಒತ್ತಿ, ಬ್ರೌಸ್‌ನಲ್ಲಿ ಆ ಫೋಲ್ಡರ್ ತೋರಿಸಿ. ಅಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರುತ್ತವೆ, ಗಾಬರಿ ಬೇಡ. ಎಕ್ಸ್ ಅಂತ ಕಾಣುವುದು ಇನ್‌ಸ್ಟಾಲರ್ ತನಗಾಗಿ ಮೆಮೊರಿಯಲ್ಲಿ ಮಾಡಿಕೊಂಡ ಡ್ರೈವ್. ನಿಮ್ಮ ಪೆನ್‌ಡ್ರೈವ್ ಸಿ ಅಂತಲೂ ಕಾಣಬಹುದು, ಡಿ ಅಂತಲೂ ಕಾಣಬಹುದು.

ಎಕ್ಸ್‌ಪಿ ಕಾಲದಲ್ಲೂ ಇದೇ ಕಥೆ ಇತ್ತು. ನೀಲಿ ಪರದೆಯ ಕೆಳಗೆ ಕೆಲವೇ ಕ್ಷಣ ಒಂದು ಸಾಲು ಬರುತ್ತಿತ್ತು, ಬೇರೆ ಡ್ರೈವರ್ ಬೇಕಿದ್ದರೆ ಎಫ್6 ಒತ್ತಿ ಅಂತ. ಒತ್ತುವುದು ತಡವಾದರೆ ಮೊದಲಿಂದ ಶುರು. ಒತ್ತಿದರೂ ಡ್ರೈವರ್ ಫ್ಲಾಪಿಯಲ್ಲೇ ಇರಬೇಕು. ಸಾಟಾ ಕೇಬಲ್‌ನಲ್ಲಿ ಜೋಡಿಸುವ ಡಿಸ್ಕುಗಳು ಹೊಸದಾಗಿ ಬಂದಾಗ ಒಂದು ಫ್ಲಾಪಿ ಡ್ರೈವನ್ನು ಚೀಲದಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೆ. ಇನ್‌ಸ್ಟಾಲರ್‌ಗೆ ಕೊಡುವ ಈ ಡ್ರೈವರ್ ಪೊಟ್ಟಣಕ್ಕೆ ಇವತ್ತಿಗೂ ‘ಎಫ್6’ ಅಂತ ಹೆಸರಿಟ್ಟಿರುವುದನ್ನು ನೋಡಿದಾಗ ಆ ದಿನಗಳು ನೆನಪಾಗುತ್ತವೆ.

ಹಳೇಪೆಟ್ಟಿಗೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ತರಹದ ತೊಂದರೆ, ಆದರೆ ಡೆಸ್ಕ್‌ಟಾಪ್. ಮೊದಲು ಒಂದು ಎಂ.2 ಎಸ್‌ಎಸ್‌ಡಿ ಹಾಕಿದ್ದೆ. ಈಗ 4 ಟಿಬಿಯ 3.5 ಇಂಚಿನ ಸಾಟಾ ಹಾರ್ಡ್ ಡಿಸ್ಕ್ ಸೇರಿಸಿದೆ. ಇದು ಬಯಾಸ್‌ಗೂ ಕಾಣುತ್ತಿಲ್ಲ. ಕೈಯಿಟ್ಟರೆ ಡಿಸ್ಕ್ ತಿರುಗುತ್ತಿರುವುದು ಗೊತ್ತಾಗುತ್ತದೆ. ಕೇಬಲ್ ಬದಲಾಯಿಸಿದರೂ ಅಷ್ಟೇ.

ತಿರುಪುಳಿ

ತಿರುಗುತ್ತಿದೆ ಅಂದರೆ ಕರೆಂಟು ಸರಿಯಾಗಿ ಬರುತ್ತಿದೆ. ನಿಮ್ಮ ಮಾತಿನಲ್ಲಿ ಮುಖ್ಯವಾದದ್ದು ಮೊದಲೇ ಎಂ.2 ಹಾಕಿದ್ದೆ ಅಂದದ್ದು. ಬಹಳಷ್ಟು ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟೂ ಒಂದೆರಡು ಸಾಟಾ ಪೋರ್ಟೂ ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಎಂ.2ನಲ್ಲಿ ಡಿಸ್ಕ್ ಕೂತರೆ ಆ ಸಾಟಾ ಪೋರ್ಟುಗಳು ಸತ್ತ ಹಾಗೆ. ಯಾವ ಪೋರ್ಟ್ ಅಂತ ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಕೇಬಲನ್ನು ಬೇರೆ ಪೋರ್ಟ್‌ಗೆ ಹಾಕಿ ನೋಡಿ.

ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ. ಡಿಸ್ಕ್ ತಿರುಗದೇ ಇದ್ದರೆ ಅದು ಬೇರೆ ಕಥೆ. ಈಚಿನ ಕೆಲವು ದೊಡ್ಡ ಡಿಸ್ಕುಗಳಲ್ಲಿ ಪವರ್ ಕನೆಕ್ಟರಿನ ಮೂರನೇ ಪಿನ್‌ಗೆ ಹೊಸ ಕೆಲಸ ಕೊಟ್ಟಿದ್ದಾರೆ. ಅದಕ್ಕೆ 3.3 ವೋಲ್ಟ್ ಸಿಕ್ಕರೆ ಡಿಸ್ಕ್ ಆಫ್ ಆಗಿಯೇ ಇರುತ್ತದೆ. ಹಳೆ ಪವರ್ ಸಪ್ಲೈಗಳು ಆ ಪಿನ್‌ಗೆ 3.3 ವೋಲ್ಟ್ ಕೊಡುತ್ತಲೇ ಇರುತ್ತವೆ. ಡಿಸ್ಕ್ ಸತ್ತಿದೆ ಅಂದುಕೊಳ್ಳುತ್ತೇವೆ, ಸತ್ತಿರುವುದಿಲ್ಲ. ಹೊಸ ಪವರ್ ಸಪ್ಲೈಯಲ್ಲಿ ಅದೇ ಡಿಸ್ಕ್ ತಿರುಗುತ್ತದೆ. ಇನ್ನೊಂದು, ಕೇಬಲ್ ಬಿಚ್ಚಿ ಜೋಡಿಸುವ ಮಾಡ್ಯುಲರ್ ಪವರ್ ಸಪ್ಲೈ ಇದ್ದರೆ ಅದರ ಜೊತೆ ಬಂದ ಕೇಬಲನ್ನೇ ಬಳಸಿ. ಡಿಸ್ಕಿನ ಕಡೆಯ ತುದಿ ಎಲ್ಲದರಲ್ಲೂ ಒಂದೇ ತರಹ. ಸಪ್ಲೈ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಬೇರೆ ಸಪ್ಲೈಯ ಕೇಬಲ್ ಅಚ್ಚುಕಟ್ಟಾಗಿ ಕೂತು, 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಡಿಸ್ಕನ್ನು ಸುಟ್ಟುಬಿಡಬಹುದು. ಹಾಗೆ ಸುಟ್ಟ ಡಿಸ್ಕ್ ಇನ್‌ಸ್ಟಾಲರ್‌ಗೂ ಕಾಣುವುದಿಲ್ಲ, ಬೇರೆ ಯಾರಿಗೂ ಕಾಣುವುದಿಲ್ಲ.

ಬೆಳ್ಳಿಚುಕ್ಕಿ

ಬಂದೆ. ಮೊದಲು ಒಳ್ಳೆ ಸುದ್ದಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿತ್ತು! ಅಕ್ಕನಿಗೂ ಗೊತ್ತಿರಲಿಲ್ಲ. ಕೀ ಸಿಕ್ಕಿತು, ಕಾಗದದಲ್ಲಿ ಬರೆದುಕೊಂಡಳು. ಪ್ರಬಂಧ ಎರಡು ಪೆನ್‌ಡ್ರೈವ್‌ಗೆ ಹೋಯಿತು. ಹಳೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಸ್ಟೋರೇಜ್ ಕಂಟ್ರೋಲರ್ಸ್ ಕೆಳಗೆ ‘ಇಂಟೆಲ್ ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್ 9ಎ0ಬಿ’ ಅಂತ ಇತ್ತು.

ಆದರೆ ನಾನೊಂದು ಅವಸರ ಮಾಡಿದೆ. ನಿಮ್ಮ ಉತ್ತರ ಪೂರ್ತಿ ಓದುವ ಮೊದಲೇ ನೆಟ್‌ನಿಂದ ಡ್ರೈವರ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿದ್ದೆ. ಇನ್‌ಸ್ಟಾಲರ್‌ನಲ್ಲಿ ಆ ಫೋಲ್ಡರ್ ತೋರಿಸಿದರೆ, ಸಹಿ ಇರುವ ಡ್ರೈವರ್ ಯಾವುದೂ ಸಿಗಲಿಲ್ಲ ಅಂತ ಬಂತು. ಫೋಲ್ಡರ್‌ನಲ್ಲಿ ಇರುವುದು ‘ಸೆಟಪ್‌ಆರ್‌ಎಸ್‌ಟಿ’ ಅನ್ನುವ ಒಂದೇ ಇಎಕ್ಸ್‌ಇ ಫೈಲ್. ಇದು ಯಾಕೆ ಆಗಲಿಲ್ಲ? ಹಾಗೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಈಗ ಎಕ್ಸ್‌ಪೋರ್ಟ್ ಮಾಡಲು ಹೊರಟಿದ್ದೇನೆ.

ತಿರುಪುಳಿ

ಕೇಳಿದ್ದು ಒಳ್ಳೆಯದಾಯಿತು, ಇಲ್ಲಿ ತುಂಬಾ ಜನ ಎಡವುತ್ತಾರೆ. ಆ ಇಎಕ್ಸ್‌ಇ ಒಂದು ಡಬ್ಬಿ ಇದ್ದ ಹಾಗೆ. ಡ್ರೈವರ್ ಅದರ ಒಳಗಿದೆ. ಇನ್‌ಸ್ಟಾಲರ್‌ಗೆ ಬೇಕಾದದ್ದು ಐಎನ್‌ಎಫ್ ಫೈಲ್, ಅದರ ಜೊತೆಯ ಎಸ್‌ವೈಎಸ್ ಮತ್ತು ಸಿಎಟಿ ಫೈಲ್. ಸಹಿ ಇರುವುದು ಸಿಎಟಿಯಲ್ಲಿ. ಡಬ್ಬಿ ತೆರೆದು ನೋಡುವುದು ಇನ್‌ಸ್ಟಾಲರ್‌ಗೆ ಬರುವುದಿಲ್ಲ. ಹಳೆ ವಿಂಡೋಸ್ ಇಲ್ಲದವರು ಬೇರೆ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಆ ಇಎಕ್ಸ್‌ಇ ಹೆಸರು ಬರೆದ ಮೇಲೆ ‘-ಎಕ್ಸ್‌ಟ್ರ್ಯಾಕ್ಟ್‌ಡ್ರೈವರ್ಸ್’ ಅಂತ ಸೇರಿಸಿ ಒಂದು ಫೋಲ್ಡರಿನ ಹೆಸರು ಕೊಟ್ಟರೆ ಒಳಗಿನದೆಲ್ಲ ಹೊರಬರುತ್ತದೆ. ನಿಮ್ಮ ಎಕ್ಸ್‌ಪೋರ್ಟ್‌ನಲ್ಲಿ ಎಲ್ಲ ಬಿಚ್ಚಿದ ಸ್ಥಿತಿಯಲ್ಲೇ ಇರುತ್ತದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಇನ್‌ಸ್ಟಾಲ್ ಮಾಡುವ ಹೊತ್ತಿಗೆ ಹಳೆ ಡಿಸ್ಕನ್ನು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಲ್ಯಾಪ್‌ಟಾಪ್‌ಗೆ ಚುಚ್ಚಿಡಬೇಡಿ. ಪ್ರಬಂಧದ ಪೆನ್‌ಡ್ರೈವ್‌ಗಳನ್ನೂ ಚುಚ್ಚಿಡಬೇಡಿ. ಆ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ‘ಡಿಸ್ಕ್‌ಪಾರ್ಟ್’, ಆಮೇಲೆ ‘ಲಿಸ್ಟ್ ಡಿಸ್ಕ್’, ಆಮೇಲೆ ‘ಕ್ಲೀನ್’ ಅಂತ ಹೊಡೆಯಿರಿ ಎಂದು ಬಹಳ ಕಡೆ ಬರೆದಿರುತ್ತಾರೆ. ಹೊಸ ಡಿಸ್ಕಿಗೆ ಅದು ಬೇಕಾಗಿಲ್ಲ. ಖಾಲಿ ಜಾಗವನ್ನು ಇನ್‌ಸ್ಟಾಲರ್ ತಾನೇ ಭಾಗ ಮಾಡಿಕೊಳ್ಳುತ್ತದೆ. ‘ಕ್ಲೀನ್’ ಒಂದು ಮಾತೂ ಕೇಳುವುದಿಲ್ಲ. ಖಚಿತವಾ, ಹೌದಾ ಅಲ್ಲವಾ ಏನೂ ಇಲ್ಲ. ಎಂಟರ್ ಒತ್ತಿದ ಮರುಕ್ಷಣ ಪಾರ್ಟಿಷನ್ ಟೇಬಲ್ ಹೋಗಿರುತ್ತದೆ.

ಹಲವು ವರ್ಷದ ಹಿಂದೆ ಒಬ್ಬರ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದವು, ಎರಡೂ ಒಂದೇ ಅಳತೆ. ಡಿಸ್ಕ್ 0 ಅಂದುಕೊಂಡು ಡಿಸ್ಕ್ 1ನ್ನು ಕ್ಲೀನ್ ಮಾಡಿಬಿಟ್ಟೆ. ಅವರ ಮಗುವಿನ ಮೊದಲ ವರ್ಷದ ಫೋಟೋಗಳು ಅದರಲ್ಲಿದ್ದವು. ಕೂಡಲೇ ನಿಲ್ಲಿಸಿದ್ದರಿಂದ ರಿಕವರಿ ಸಾಫ್ಟ್‌ವೇರ್ ಹಾಕಿ ಹೆಚ್ಚಿನದು ವಾಪಸ್ ಬಂತು, ಎಲ್ಲವೂ ಬರಲಿಲ್ಲ. ಅವರು ಒಂದು ಮಾತೂ ಬೈಯಲಿಲ್ಲ. ಅದೇ ಇನ್ನೂ ಮನಸ್ಸಿನಲ್ಲಿ ಉಳಿದಿದೆ. ಅಂದಿನಿಂದ ಇನ್‌ಸ್ಟಾಲ್ ಮಾಡುವ ಡಿಸ್ಕ್ ಬಿಟ್ಟು ಬೇರೆಲ್ಲ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಟ್ಟೇ ನಾನು ಕೆಲಸ ಶುರುಮಾಡುವುದು.

ಹಳೇಪೆಟ್ಟಿಗೆ

ತಿರುಪುಳಿ ಅವರೇ, ನಿಮ್ಮ ಮಾತು ನಿಜ. ಐದನೇ ಪೋರ್ಟ್‌ನಲ್ಲಿ ಹಾಕಿದ್ದೆ. ಎರಡನೆಯದಕ್ಕೆ ಹಾಕಿದ ಕೂಡಲೇ ಬಯಾಸ್‌ಗೆ ಕಂಡಿತು. ಮ್ಯಾನ್ಯುಯಲ್ ತೆರೆದರೆ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿದೆ.

ಇನ್‌ಸ್ಟಾಲರ್‌ನಲ್ಲಿ ಈಗ ಇದೇ ಡಿಸ್ಕ್ ಎರಡು ತುಂಡಾಗಿ ಕಾಣುತ್ತಿದೆ. ಒಂದು 2048 ಜಿಬಿ, ಇನ್ನೊಂದು 1678 ಜಿಬಿ. ಎರಡನೆಯದನ್ನು ಮುಟ್ಟಲು ಬಿಡುತ್ತಿಲ್ಲ. ಡಿಸ್ಕ್ ಖಾಲಿ, ಏನೂ ತುಂಬಿಲ್ಲ.

ಸೀದಾಮಾತು

ಇದು ನನಗೆ ಗೊತ್ತು. ಎಂಬಿಆರ್ ಅನ್ನುವ ಹಳೆ ಬಗೆಯ ಪಾರ್ಟಿಷನ್ ಟೇಬಲ್ ಇದೆ. ಅದರಲ್ಲಿ 2 ಟಿಬಿಗಿಂತ ಆಚೆ ಎಣಿಸಲು ಆಗುವುದಿಲ್ಲ. ಸೆಕ್ಟರ್ ಎಣಿಸಲು 32 ಬಿಟ್ ಮಾತ್ರ, ಒಂದೊಂದು ಸೆಕ್ಟರ್ 512 ಬೈಟ್. ಜಿಪಿಟಿ ಅನ್ನುವ ಹೊಸ ಬಗೆಯ ಟೇಬಲ್ ಮಾಡಿಕೊಳ್ಳಬೇಕು. ಬೂಟ್ ಮೆನುವಿನಲ್ಲಿ ನಿಮ್ಮ ಪೆನ್‌ಡ್ರೈವ್ ಎರಡು ಸಲ ಕಾಣುತ್ತಿರಬಹುದು. ಹೆಸರಿನ ಮುಂದೆ ಯುಇಎಫ್‌ಐ ಅಂತ ಇರುವುದನ್ನೇ ಆರಿಸಿ. ಡಿಸ್ಕ್ ಖಾಲಿ ಇರುವುದರಿಂದ ‘ಕ್ಲೀನ್’, ಆಮೇಲೆ ‘ಕನ್ವರ್ಟ್ ಜಿಪಿಟಿ’. ಆದರೆ ಮೇಲೆ ತಿರುಪುಳಿ ಅವರು ಬರೆದದ್ದನ್ನು ಓದಿ, ಮೊದಲು ಎಂ.2 ಬಿಚ್ಚಿಟ್ಟು ಮಾಡಿ.

ಬೆಳ್ಳಿಚುಕ್ಕಿ

ಆಯಿತು!! ನಡೆದದ್ದನ್ನು ಹಾಗೇ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಎಕ್ಸ್‌ಪೋರ್ಟ್ ಮಾಡಿದಾಗ ನೂರಕ್ಕೂ ಹೆಚ್ಚು ಫೋಲ್ಡರ್ ಬಂದವು. ಹೆಸರಿನ ಪ್ರಕಾರ ಜೋಡಿಸಿದರೆ ನೀವು ಹೇಳಿದ ಫೋಲ್ಡರ್ ಸಿಕ್ಕಿತು. ಅದನ್ನು ಅದೇ ಪೆನ್‌ಡ್ರೈವ್‌ನಲ್ಲಿ, ಡ್ರೈವರ್ಸ್ ಫೋಲ್ಡರಿನ ಹೊರಗಡೆ ಇನ್ನೊಂದು ಸಲ ಕಾಪಿ ಮಾಡಿ ‘ವಿಎಂಡಿ’ ಅಂತ ಚಿಕ್ಕ ಹೆಸರಿಟ್ಟೆ. ಹಳೆ ಡಿಸ್ಕ್ ತೆಗೆದು, ಅದು ಬಂದಿದ್ದ ಪ್ಲಾಸ್ಟಿಕ್ ಪೊಟ್ಟಣ ಇಲ್ಲದ್ದರಿಂದ ಹೊಸ ಡಿಸ್ಕಿನ ಪೊಟ್ಟಣದಲ್ಲಿಟ್ಟು ಅಕ್ಕನ ಕೈಗೇ ಕೊಟ್ಟೆ. ಹೊಸದನ್ನು ಸ್ವಲ್ಪ ಓರೆಯಾಗಿ ಹಿಡಿದು ತಳ್ಳಿ, ಚಿನ್ನದ ಬಣ್ಣದ ಗೆರೆಗಳು ಒಳಗೆ ಹೋದ ಮೇಲೆ ಮೆಲ್ಲಗೆ ಕೆಳಗೆ ಒತ್ತಿ ತಿರುಪು ಹಾಕಿದೆ.

ಇನ್‌ಸ್ಟಾಲರ್‌ನಲ್ಲಿ ಕುತೂಹಲಕ್ಕೆ ಶಿಫ್ಟ್ ಎಫ್10 ಒತ್ತಿ ‘ಲಿಸ್ಟ್ ಡಿಸ್ಕ್’ ಮಾತ್ರ ನೋಡಿದೆ. ಒಂದೇ ಸಾಲು, ಡಿಸ್ಕ್ 0, 28 ಜಿಬಿ. ಅದು ನನ್ನ ಪೆನ್‌ಡ್ರೈವೇ. ಕಿಟಕಿ ಮುಚ್ಚಿ ‘ಲೋಡ್ ಡ್ರೈವರ್’ ಒತ್ತಿದೆ. ಪೆನ್‌ಡ್ರೈವ್ ಸಿ ಅಂತ ಇತ್ತು. ‘ವಿಎಂಡಿ’ ಫೋಲ್ಡರ್ ತೋರಿಸಿದ ಕೂಡಲೇ ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದ್ದ ಅದೇ 9ಎ0ಬಿ ಹೆಸರು ಪಟ್ಟಿಯಲ್ಲಿ ಬಂತು. ನೆಕ್ಸ್ಟ್ ಒತ್ತಿದೆ. ಹಸಿರು ಗೆರೆ ಮೆಲ್ಲಗೆ ಹೋಯಿತು. ಪರದೆ ಒಮ್ಮೆ ಮಿನುಗಿ ವಾಪಸ್ ಬಂದಾಗ ಎರಡು ದಿನದಿಂದ ಖಾಲಿಯಿದ್ದ ಜಾಗದಲ್ಲಿ ಒಂದು ಸಾಲು, 931.5 ಜಿಬಿ, ಅನ್‌ಅಲೊಕೇಟೆಡ್. ಪಕ್ಕದಲ್ಲಿ ನಿಂತಿದ್ದ ಅಕ್ಕ ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು.

ಈಗ ವಿಂಡೋಸ್ ಇನ್‌ಸ್ಟಾಲ್ ಆಗಿ ಮೊದಲ ಪರದೆ ಬಂದಿದೆ. ಆದರೆ ವೈಫೈ ಒಂದೂ ತೋರಿಸುತ್ತಿಲ್ಲ, ಇಂಟರ್‌ನೆಟ್ ಕೊಡು ಅಂತ ನಿಂತಿದೆ. ಮೊಬೈಲ್‌ನಿಂದ ಬರೆಯುತ್ತಿದ್ದೇನೆ.

ತಿರುಪುಳಿ

ಬಹಳ ಸಂತೋಷವಾಯಿತು. ವೈಫೈ ಡ್ರೈವರೂ ನಿಮ್ಮ ಕೈಯಲ್ಲೇ ಇದೆ. ಎಲ್ಲ ಡ್ರೈವರ್ ಎಕ್ಸ್‌ಪೋರ್ಟ್ ಮಾಡಿಸಿದ್ದು ಇದಕ್ಕೂ ಆಗಲಿ ಅಂತಲೇ. ಪೆನ್‌ಡ್ರೈವ್ ಚುಚ್ಚಿ. ಶಿಫ್ಟ್ ಎಫ್10 ಇಲ್ಲಿಯೂ ಕೆಲಸ ಮಾಡುತ್ತದೆ. ‘ಪಿಎನ್‌ಪಿಯುಟಿಲ್’, ಆಮೇಲೆ ‘/ಆ್ಯಡ್-ಡ್ರೈವರ್’, ಆಮೇಲೆ ಡ್ರೈವರ್ಸ್ ಫೋಲ್ಡರಿನ ವಿಳಾಸದ ಕೊನೆಗೆ ನಕ್ಷತ್ರ ಗುರುತು ಹಾಕಿ ‘.ಐಎನ್‌ಎಫ್’, ಕೊನೆಯಲ್ಲಿ ‘/ಸಬ್‌ಡಿರ್ಸ್’ ಮತ್ತು ‘/ಇನ್‌ಸ್ಟಾಲ್’. ಒಂದೊಂದಕ್ಕೂ ನಡುವೆ ಜಾಗ ಬಿಡಿ. ಪೆನ್‌ಡ್ರೈವ್ ಈಗ ಸಿ ಆಗಿರುವುದಿಲ್ಲ, ಡಿ ಅಥವಾ ಇ ಇರಬಹುದು, ನೋಡಿಕೊಳ್ಳಿ. ಐದಾರು ನಿಮಿಷ ಹಿಡಿಯಬಹುದು. ನಡುವೆ ಪರದೆ ಒಂದೆರಡು ಸಲ ಕಪ್ಪಾಗಿ ಬಂದರೆ ಅದು ಗ್ರಾಫಿಕ್ಸ್ ಡ್ರೈವರ್ ಕೂರುತ್ತಿರುವುದು, ಪವರ್ ಬಟನ್ ಒತ್ತಬೇಡಿ.

ಬೆಳ್ಳಿಚುಕ್ಕಿ

ವೈಫೈ ಬಂತು. ಸೌಂಡೂ ಬಂತು, ಟಚ್‌ಪ್ಯಾಡಿನ ಎರಡು ಬೆರಳಿನ ಸ್ಕ್ರೋಲೂ ಬಂತು. ಅಕ್ಕ ಪ್ರಬಂಧದ ಫೈಲ್ ತೆರೆದು ಮೂರನೇ ಅಧ್ಯಾಯದಲ್ಲಿ ಕೂತಿದ್ದಾಳೆ. ಹಳೆ ಡಿಸ್ಕನ್ನು ಈಗ ಅಳಿಸಬಹುದಾ ಅಂತ ಕೇಳಿದರೆ ಪದವಿ ಸಿಗುವವರೆಗೆ ಮುಟ್ಟಬೇಡ ಅಂದಳು. ಬಿಟ್‌ಲಾಕರ್ ಕೀ ಬರೆದ ಕಾಗದವನ್ನು ಅದೇ ಪೊಟ್ಟಣಕ್ಕೆ ಅಂಟಿಸಬೇಡ, ಬೇರೆ ಕಡೆ ಇಡು ಅಂತ ನಾನು ಹೇಳಿದೆ. ಇಟ್ಟಿದ್ದಾಳೆ.